ಕುವೈತ್, 1990: ಒಂದು ಸಂಸಾರ, ಒಂದು ಬೀರುವಿನ ಕೀಲಿ

1990ರ ಆಗಸ್ಟ್ 2, ಗುರುವಾರದ ನಸುಕು. ಕುವೈತ್‌ನ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ದೂರದಲ್ಲಿ ಗುಡುಗಿನಂಥ ಸದ್ದು ಕೇಳಿತು. ಆ ಊರಿನಲ್ಲಿ ಆಗಸ್ಟ್‌ನಲ್ಲಿ ಗುಡುಗು ಬರುವುದಿಲ್ಲ. ಕಿಟಕಿಯ ಬಳಿ ನಿಂತಿದ್ದ ನರ್ಸ್‌ಗೆ ಅದು ಏನೆಂದು ಗೊತ್ತಾಗಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಇರಾಕಿನ ಸೇನೆ ಗಡಿ ದಾಟಿ ನಗರದ ಒಳಗೆ ಬಂದಾಗಿತ್ತು.

ಈ ಪ್ರಕರಣ ಆ ನರ್ಸ್ ಮತ್ತು ಅವರ ಸಂಸಾರದ್ದು. ಹೆಸರು, ಊರು, ಕೆಲಸ ಮಾಡಿದ ಜಾಗ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ. ಗಂಡ ಒಂದು ವ್ಯಾಪಾರಿ ಕಂಪನಿಯಲ್ಲಿ ಅಕೌಂಟೆಂಟ್. ಏಳು ವರ್ಷದ ಮಗಳು, ಮೂರು ವರ್ಷದ ಮಗ. ಸಾಲ್ಮಿಯಾದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಆಗ ಕುವೈತ್‌ನಲ್ಲಿದ್ದ ಸುಮಾರು 1 ಲಕ್ಷ 70 ಸಾವಿರ ಭಾರತೀಯರಲ್ಲಿ ಇವರು ನಾಲ್ಕು ಜನ.

ಒಬ್ಬ ಸರ್ವಾಧಿಕಾರಿ ಪಕ್ಕದ ದೇಶಕ್ಕೆ ಸೇನೆ ನುಗ್ಗಿಸಿದಾಗ ನಾವು ನಕ್ಷೆ ನೋಡುತ್ತೇವೆ, ಟ್ಯಾಂಕ್ ಎಣಿಸುತ್ತೇವೆ. ಈ ಸಂಸಾರದ ಕಥೆ ಕೇಳಿದ ಮೇಲೆ ನನಗೆ ಕಾಡಿದ್ದು ಬೇರೆ. ಆ ಮನುಷ್ಯ ಮಾಡಿದ್ದು ಒಂದೇ ತೀರ್ಮಾನ. ಅದರ ಕೆಳಗೆ ಸಿಕ್ಕವರು ದಿನಕ್ಕೆ ಹತ್ತು ತೀರ್ಮಾನ ಮಾಡಬೇಕಾಯಿತು. ಅದೂ ಕೈಯಲ್ಲಿ ಸರಿಯಾದ ಒಂದು ಸುದ್ದಿಯೂ ಇಲ್ಲದೆ.

ಬಾಗ್ದಾದಿನಲ್ಲಿ ಆದದ್ದು

ಮೊದಲು ಆ ಒಂದು ತೀರ್ಮಾನ ಎಲ್ಲಿಂದ ಬಂತು ಎಂದು ನೋಡಬೇಕು. ಸದ್ದಾಂ ಹುಸೇನ್ 1979ರ ಜುಲೈ 16ರಂದು ಇರಾಕಿನ ಅಧ್ಯಕ್ಷನಾದ. ವಾರದೊಳಗೆ, ಜುಲೈ 22ರಂದು, ತನ್ನ ಬಾತ್ ಪಕ್ಷದ ಮುಖಂಡರನ್ನು ಒಂದು ಸಭಾಂಗಣಕ್ಕೆ ಕರೆಸಿದ. ಸಂಚು ನಡೆದಿದೆ ಎಂದು ಹೇಳಿಸಿ ಒಬ್ಬೊಬ್ಬರದೇ ಹೆಸರು ಓದಿಸಿದ. ಹೆಸರು ಬಂದವರನ್ನು ಕುರ್ಚಿಯಿಂದ ಎಬ್ಬಿಸಿ ಹೊರಗೆ ಒಯ್ದರು. ಒಟ್ಟು 68 ಜನ. ಅವರಲ್ಲಿ 22 ಜನಕ್ಕೆ ಮರಣದಂಡನೆ ಆಯಿತು. ಇದನ್ನೆಲ್ಲ ಚಿತ್ರೀಕರಿಸಿ ಪಕ್ಷದವರಿಗೆ ತೋರಿಸಿದರು. ಆ ದಿನದಿಂದ ಬಾಗ್ದಾದಿನಲ್ಲಿ "ಇದು ಬೇಡ ಸ್ವಾಮಿ" ಎನ್ನುವ ಬಾಯಿ ಉಳಿಯಲಿಲ್ಲ. ಮುಂದಿನ ಎರಡು ಯುದ್ಧಗಳ ಬೇರು ಆ ಸಭಾಂಗಣದಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಮುಂದಿನ ವರ್ಷವೇ, 1980ರ ಸೆಪ್ಟೆಂಬರಿನಲ್ಲಿ, ಇರಾನಿನ ಮೇಲೆ ದಾಳಿ. ಶತ್ತ್ ಅಲ್-ಅರಬ್ ನದಿಯ ಮೇಲಿನ ಹಕ್ಕಿನ ಬಗ್ಗೆ 1975ರಲ್ಲಿ ಅಲ್ಜಿಯರ್ಸ್‌ನಲ್ಲಿ ಒಪ್ಪಂದ ಆಗಿತ್ತು. ಅದನ್ನು ಅವನು ಮುರಿದ. ಯುದ್ಧ ಎಂಟು ವರ್ಷ ಎಳೆಯಿತು. ಎರಡೂ ಕಡೆ ಸೇರಿ ಲಕ್ಷಾಂತರ ಜನ ಸತ್ತರು. ಗಡಿ ಮಾತ್ರ ಇದ್ದಲ್ಲೇ ಇತ್ತು. 1988ರಲ್ಲಿ ಕದನ ನಿಂತಾಗ ಇರಾಕಿನ ತಲೆಯ ಮೇಲೆ ದೊಡ್ಡ ಸಾಲ. ಕುವೈತ್‌ಗೇ ಸುಮಾರು 1,400 ಕೋಟಿ ಡಾಲರ್ ಕೊಡಬೇಕಿತ್ತು. 1990ರಲ್ಲಿ ಎಣ್ಣೆಯ ಬೆಲೆ ಬೇರೆ ಬಿತ್ತು. ಕುವೈತ್ ತನ್ನ ಪಾಲಿಗಿಂತ ಜಾಸ್ತಿ ಎಣ್ಣೆ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೈಲಾ ಬಾವಿಗಳಿಂದ ನಮ್ಮ ಎಣ್ಣೆ ಕದಿಯುತ್ತಿದೆ ಎಂದು ಅವನು ಆರೋಪಿಸಿದ. ಸಾಲ ಮನ್ನಾ ಮಾಡಿ ಎಂದು ಒತ್ತಾಯಿಸಿದ. ಜೆಡ್ಡಾದಲ್ಲಿ ಮಾತುಕತೆ ಮುರಿದುಬಿತ್ತು. ಮರುದಿನ ನಸುಕಿಗೆ ಟ್ಯಾಂಕುಗಳು ಹೊರಟವು.

ಸಾಲ ಕೊಟ್ಟವನ ಮನೆಗೇ ನುಗ್ಗುವುದು. ಆ ಕೋಣೆಯಲ್ಲಿ ಒಬ್ಬರಾದರೂ ಎದ್ದು ನಿಂತು ಮುಂದೇನು ಎಂದು ಕೇಳಬೇಕಿತ್ತು, ಅಲ್ವಾ? ಕೇಳುವವರನ್ನು ಹನ್ನೊಂದು ವರ್ಷ ಮೊದಲೇ ಮುಗಿಸಿಯಾಗಿತ್ತು.

ಬೀರು

ಸಿಸ್ಟರ್ ಗುರುವಾರ ಮಧ್ಯಾಹ್ನ ಆಂಬುಲೆನ್ಸ್‌ನಲ್ಲಿ ಕುಳಿತು ಮನೆ ಸೇರಿದರು. ಅಷ್ಟು ಹೊತ್ತಿಗೆ ಕುವೈತ್ ದೊರೆ ಅಮೀರರು ಸೌದಿಗೆ ಹೋಗಿಯಾಗಿತ್ತು. ಹೊರದೇಶಕ್ಕೆ ಫೋನ್ ಹೋಗುತ್ತಿರಲಿಲ್ಲ. ಗಂಡ ಬಚ್ಚಲಿನ ಟಬ್, ಬಕೆಟ್, ಪಾತ್ರೆ ಎಲ್ಲದರಲ್ಲೂ ನೀರು ತುಂಬಿಸಿಟ್ಟಿದ್ದರು. "ಅವತ್ತು ಅವರು ಮಾಡಿದ ಮೊದಲ ಒಳ್ಳೆಯ ಕೆಲಸ ಅದು" ಎಂದು ಸಿಸ್ಟರ್ ಈಗಲೂ ಹೇಳುತ್ತಾರೆ.

ದೊಡ್ಡ ತೊಡಕು ಪಾಸ್‌ಪೋರ್ಟಿನದು. ಸಿಸ್ಟರ್ ಪಾಸ್‌ಪೋರ್ಟ್ ಮನೆಯಲ್ಲೇ ಇತ್ತು. ಆ ಕಾಲದಲ್ಲಿ ಮಕ್ಕಳ ಹೆಸರನ್ನು ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಸುವ ಪದ್ಧತಿ ಇತ್ತು, ಹಾಗಾಗಿ ಮಕ್ಕಳದ್ದೂ ಸರಿಯಾಗಿತ್ತು. ಗಂಡನದು ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕನ, ಕೈಯಲ್ಲಿ. ಗಲ್ಫಿನಲ್ಲಿ ದುಡಿದವರಿಗೆ ಇದು ಗೊತ್ತು: ಆಗ ಕೆಲಸಕ್ಕೆ ಸೇರಿದ ದಿನವೇ ಪಾಸ್‌ಪೋರ್ಟ್ ಮಾಲೀಕನ ಬೀರುವಿಗೆ ಹೋಗುತ್ತಿತ್ತು. ಕಫೀಲ್ ರಜೆಗೆಂದು ಯುರೋಪಿಗೆ ಹೋಗಿದ್ದರು. ಬೀರುವಿನ ಕೀಲಿ ಇದ್ದದ್ದು ಹಿರಿಯ ಅಕೌಂಟೆಂಟ್ ಬಳಿ. ಅವರು ಪ್ಯಾಲೆಸ್ಟೀನಿನವರು. 1967ರ ಯುದ್ಧದ ನಂತರ ಅಪ್ಪನ ಕೈ ಹಿಡಿದು ಕುವೈತ್‌ಗೆ ಬಂದವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಇವರಿಬ್ಬರೂ ಆಫೀಸಿಗೆ ನಡೆದೇ ಹೋದರು. ದಾರಿಯಲ್ಲಿ ಮೂರು ಕಡೆ ತಪಾಸಣೆ. ಉಸ್ತಾದ್ ಬೀರು ತೆಗೆದು ಎಲ್ಲರ ಪಾಸ್‌ಪೋರ್ಟುಗಳನ್ನೂ ಮೇಜಿನ ಮೇಲೆ ಹರಡಿದರು. ಹದಿನಾಲ್ಕು ಇದ್ದವು. ಮಾಲೀಕನ ಒಪ್ಪಿಗೆ ಇಲ್ಲದೆ ಕೊಡುವ ಹಾಗಿಲ್ಲ, ಅದು ನಿಯಮ. ಉಸ್ತಾದ್ ಸ್ವಲ್ಪ ಹೊತ್ತು ಸುಮ್ನೆ ನಿಂತರಂತೆ. ಆಮೇಲೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ಇವತ್ತೇ ಎಲ್ಲರ ಮನೆಗೆ ತಲುಪಿಸು" ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಂಪನಿಯ ಲೆಟರ್‌ಹೆಡ್ ಎಳೆದುಕೊಂಡು ಪ್ರತಿಯೊಬ್ಬರಿಗೂ ಕೈಬರಹದಲ್ಲಿ ಒಂದೊಂದು ಪತ್ರ ಬರೆದರು. ಇಂಥವರು ಇಷ್ಟು ವರ್ಷದಿಂದ ಇಲ್ಲಿ ಕೆಲಸ ಮಾಡಿದ್ದಾರೆ, ಸಂಬಳ ಇಷ್ಟು ದಿನಾರ್, ಬಾಕಿ ಇಷ್ಟು. ಕೆಳಗೆ ಸಹಿ, ಕಂಪನಿಯ ಮೊಹರು. ಹದಿನಾಲ್ಕು ಪತ್ರ ಬರೆಯಲು ಎರಡು ಗಂಟೆ. ಹೊರಗೆ ಗುಂಡಿನ ಸದ್ದು.

ಇಡೀ ಪ್ರಕರಣದ ಮೊದಲ ತಿರುವು ಇದು ಎಂದು ನನಗನ್ನಿಸುತ್ತದೆ. ಪಾಸ್‌ಪೋರ್ಟ್ ಬೀರುವಿನಲ್ಲೇ ಉಳಿದ ಎಷ್ಟೋ ಜನ ಮುಂದೆ ಗಡಿಗಳಲ್ಲಿ ತುಂಬಾ ಪಾಡು ಪಟ್ಟರು. ನಿಯಮ ಪಾಲಿಸುವುದೇ ಕೆಲಸವಾಗಿದ್ದ ಒಬ್ಬ ಮನುಷ್ಯ, ಆ ದಿನ ನಿಯಮ ಮುರಿಯುವುದೇ ಸರಿ ಎಂದು ತಿಳಿದುಕೊಂಡರು. ಅವರ ಬಳಿ ಸೇನೆ ಇರಲಿಲ್ಲ, ಪಟ್ಟ ಇರಲಿಲ್ಲ. ಒಂದು ಕೀಲಿ ಇತ್ತು.

ಇರುವುದೋ, ಹೋಗುವುದೋ

ಮೊದಲ ವಾರವೇ ಕೆಲವರು ಮರುಭೂಮಿಯ ದಾರಿ ಹಿಡಿದು ಸೌದಿ ಕಡೆಗೆ ಹೊರಟರು. ಗಂಡ ಹೋಗೋಣ ಎಂದರು. ಸಿಸ್ಟರ್ ಒಪ್ಪಲಿಲ್ಲ. ಅವರ ವಾರ್ಡಿನಲ್ಲಿ ಅರ್ಧಕ್ಕರ್ಧ ಸಿಬ್ಬಂದಿ ಬರುವುದು ನಿಂತಿತ್ತು. ಬಸುರಿಯರು ಬರುವುದು ನಿಂತಿರಲಿಲ್ಲ. ಆಮೇಲೆ ಬ್ಯಾಂಕಿನ ಹಣದ ಪ್ರಶ್ನೆ. ಎಂಟು ವರ್ಷದ ಉಳಿತಾಯ ಅಲ್ಲೇ ಇತ್ತು. ಇರಾಕಿನವರು ಒಂದು ಕುವೈತ್ ದಿನಾರ್ ಒಂದು ಇರಾಕಿ ದಿನಾರಿಗೆ ಸಮ ಎಂದು ಆಜ್ಞೆ ಹೊರಡಿಸಿದರು. ಪೇಟೆಯಲ್ಲಿ ಇರಾಕಿ ದಿನಾರಿಗೆ ಅದರ ಸಣ್ಣದೊಂದು ಪಾಲಷ್ಟೇ ಬೆಲೆ. ಬ್ಯಾಂಕ್ ತೆರೆದ ದಿನ ಗಂಡ ಸಾಲಿನಲ್ಲಿ ನಿಂತು ಅರ್ಧ ಹಣ ತೆಗೆದರು. ಉಳಿದರ್ಧ ಬಿಟ್ಟರು. ಏನೇ ಆಗಲಿ ಅರ್ಧವಾದರೂ ಉಳಿಯಲಿ ಎಂಬ ಲೆಕ್ಕ.

ಆ ದಿನಗಳ ಒಂದು ಘಟನೆಯನ್ನು ಸಿಸ್ಟರ್ ಬಾಯಲ್ಲಿ ಕೇಳಿದ ಹಾಗೇ ಹೇಳಬೇಕು.

ಕಟ್ಟಡದ ಬಾಗಿಲಿಗೆ ನಾಲ್ಕು ಇರಾಕಿ ಸೈನಿಕರನ್ನು ಕಾವಲು ಹಾಕಿದ್ದರು. ಅವರಲ್ಲಿ ಒಬ್ಬನಿಗೆ ಬೂಟು ಕಚ್ಚಿ ಹಿಮ್ಮಡಿ ಕೀವು ತುಂಬಿತ್ತು. ಅವನೇ ಕೇಳಲಿಲ್ಲ. ಕುಂಟುವುದನ್ನು ನೋಡಿ ಸಿಸ್ಟರ್ ತಾವಾಗಿ ಕೆಳಗೆ ಹೋದರು. ಮೆಟ್ಟಿಲ ಮೇಲೆ ಕೂರಿಸಿ ತೊಳೆದು ಬ್ಯಾಂಡೇಜ್ ಕಟ್ಟಿದರು. ವಯಸ್ಸು ಇಪ್ಪತ್ತೆಂಟೋ ಮೂವತ್ತೋ. ಹದಿನೆಂಟಕ್ಕೆ ಸೇನೆಗೆ ಎಳೆದುಕೊಂಡಿದ್ದರು, ಇರಾನ್ ಯುದ್ಧ ಪೂರ್ತಿ ನೋಡಿದ್ದ. ಅಣ್ಣ ಅದೇ ಯುದ್ಧದಲ್ಲಿ, ಫಾವ್‌ನಲ್ಲಿ ಸತ್ತಿದ್ದ. ಮೂರು ದಿನದಿಂದ ಸರಿಯಾಗಿ ಊಟ ಸಿಕ್ಕಿರಲಿಲ್ಲ. ಸಿಸ್ಟರ್ ಎರಡು ಖುಬ್ಬೂಸ್ ರೊಟ್ಟಿ, ಒಂದು ಲೋಟ ಚಹಾ ಕೊಟ್ಟರು. ಗಂಡನಿಗೆ ಇದು ಇಷ್ಟವಾಗಲಿಲ್ಲ. ಪಕ್ಕದ ಮನೆಯ ಕುವೈತಿಯರ ಹುಡುಗನನ್ನು ಇಂಥವರೇ ಎಳೆದೊಯ್ದಿದ್ದರು. ಇಬ್ಬರಿಗೂ ಆ ರಾತ್ರಿ ಜಗಳ ಆಯಿತು.

ಆಗಸ್ಟ್ ಮಧ್ಯದಲ್ಲಿ ಸದ್ದಾಂ ಇರಾನಿನ ಅಧ್ಯಕ್ಷರಿಗೆ ಒಂದು ಪತ್ರ ಬರೆದ. 1975ರ ಒಪ್ಪಂದಕ್ಕೆ ಮತ್ತೆ ಒಪ್ಪುತ್ತೇನೆ, ಹಿಡಿದಿರುವ ನೆಲ ಬಿಡುತ್ತೇನೆ, ಸೆರೆಯಾಳುಗಳನ್ನು ಕಳಿಸುತ್ತೇನೆ ಎಂದ. ಕುವೈತ್ ಕಡೆ ಸೇನೆ ಬೇಕಿತ್ತು, ಅದಕ್ಕೆ ಇರಾನ್ ಗಡಿಯನ್ನು ತಣ್ಣಗಾಗಿಸಿಕೊಂಡ. ಮರುದಿನ ಸಿಸ್ಟರ್ ಬ್ಯಾಂಡೇಜ್ ಬದಲಿಸಲು ಹೋದಾಗ ಸೈನಿಕರ ರೇಡಿಯೋದಲ್ಲಿ ಈ ಸುದ್ದಿ ಬರುತ್ತಿತ್ತು. ಗೆಲುವಿನ ಸುದ್ದಿಯ ಹಾಗೆ ಓದುತ್ತಿದ್ದರು. ಕಾಲು ಚಾಚಿ ಕುಳಿತಿದ್ದವನು ಚಹಾದ ಲೋಟ ಕೆಳಗಿಟ್ಟ. "ಶತ್ತ್ ಅನ್ನು ಕೊಟ್ಟುಬಿಟ್ಟರಾ?" ಎಂದು ಕೇಳಿದ. ಯಾರನ್ನು ಕೇಳಿದ ಎಂದು ಗೊತ್ತಿಲ್ಲ. ಉಳಿದ ಮೂವರು ತಲೆ ಎತ್ತಲಿಲ್ಲ. ಆಮೇಲೆ ಅವನು ಸಿಸ್ಟರ್ ಕಡೆ ತಿರುಗಿ ಅಣ್ಣನ ಹೆಸರು ಹೇಳಿದ. ಬರೀ ಹೆಸರು. ಬೇರೆ ಮಾತಿಲ್ಲ. ಲೋಟದಲ್ಲಿ ಅರ್ಧ ಚಹಾ ಹಾಗೇ ಉಳಿದಿತ್ತು.

ಎಂಟು ವರ್ಷದ ಯುದ್ಧವನ್ನು ಸದ್ದಾಂ ಒಂದು ಪತ್ರದಲ್ಲಿ ವಾಪಸ್ ಮಾಡಿದ. ಆ ಎಂಟು ವರ್ಷ ಸತ್ತವರ ತಾಯಂದಿರನ್ನು ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಇಂಥ ಆಳ್ವಿಕೆ ಮೊದಲು ತಿನ್ನುವುದು ತನ್ನ ಜನರನ್ನೇ.

ಹೊರಟದ್ದು

ಆಗಸ್ಟ್ ಮೂರನೇ ವಾರದಲ್ಲಿ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋದರು. ಸದ್ದಾಂ ಅವರನ್ನು ತಬ್ಬಿಕೊಂಡ ಫೋಟೋ ಜಗತ್ತೆಲ್ಲ ಓಡಾಡಿತು. ತುಂಬಾ ಟೀಕೆಯೂ ಬಂತು. ಆದರೆ ಭಾರತೀಯರಿಗೆ ಹೊರಡಲು ದಾರಿ ಸಿಕ್ಕಿತು. ಅದೇ ಹೊತ್ತಿನಲ್ಲಿ ಬ್ರಿಟನ್, ಅಮೆರಿಕದವರನ್ನು ತಡೆದು, ಕೆಲವರನ್ನು ಸೇನಾ ನೆಲೆಗಳಲ್ಲಿ ಗುರಾಣಿಯಾಗಿ ಇಟ್ಟಿದ್ದರು. ಆ ಅಪ್ಪುಗೆ ನನಗೂ ನೋಡಲು ಕಷ್ಟವೇ. ಆದರೆ ಸಾಲ್ಮಿಯಾದ ಎರಡನೇ ಮಹಡಿಯಲ್ಲಿ ಕುಳಿತು ನೋಡಿದರೆ ಅದು ಬೇರೆ ಥರ ಕಾಣುತ್ತದೆ. ಸಿಸ್ಟರ್ ಆ ಫೋಟೋದ ಬಗ್ಗೆ ಒಂದು ಕೆಟ್ಟ ಮಾತೂ ಆಡುವುದಿಲ್ಲ.

ಆಗಸ್ಟ್ 28ರಂದು ಕುವೈತ್ ಇರಾಕಿನ 19ನೇ ಪ್ರಾಂತ್ಯ ಎಂದು ಘೋಷಿಸಿದರು. ರಾಯಭಾರ ಕಚೇರಿಗಳನ್ನು ಅದಕ್ಕೂ ಮೊದಲೇ ಮುಚ್ಚಲು ಹೇಳಿದ್ದರು. ಆಸ್ಪತ್ರೆಯ ಉಪಕರಣಗಳು ಲಾರಿ ಹತ್ತತೊಡಗಿದವು, ಔಷಧಿ ಕಡಿಮೆಯಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ಅಕ್ಟೋಬರ್ 10ರಂದು ಅಮೆರಿಕದ ಸಂಸದರ ಮುಂದೆ ಹದಿನೈದು ವರ್ಷದ ಹುಡುಗಿಯೊಬ್ಬಳು, ಸೈನಿಕರು ಇನ್‌ಕ್ಯುಬೇಟರಿನಿಂದ ಕೂಸುಗಳನ್ನು ತೆಗೆದು ನೆಲಕ್ಕೆ ಹಾಕಿದ್ದನ್ನು ಕಂಡೆ ಎಂದಳು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂದು 1992ರಲ್ಲಿ ಬಯಲಾಯಿತು, ಕಥೆಗೆ ಪುರಾವೆ ಸಿಗಲಿಲ್ಲ. ಹೆರಿಗೆ ವಾರ್ಡಿನಲ್ಲೇ ಇದ್ದ ಸಿಸ್ಟರ್‌ಗೆ ಇದು ಇಂದಿಗೂ ನೋವು. ತಾವು ಹೊರಡುವವರೆಗೆ ಅಂಥದ್ದನ್ನು ಅವರು ಕಂಡಿರಲಿಲ್ಲ. ಕಂಡದ್ದು ಸಾಲದೇ ಇತ್ತೇ? ಔಷಧಿ ಸಿಗದೆ ಒದ್ದಾಡಿದ ತಾಯಂದಿರು, ಕಾಣೆಯಾದ ಹುಡುಗರು. ಸುಳ್ಳು ಸೇರಿಸಿದ ಮೇಲೆ ನಿಜವನ್ನೂ ಜನ ಅನುಮಾನದಿಂದ ನೋಡಿದರು.

ಕೊನೆಗೆ ಹೊರಡುವ ತೀರ್ಮಾನ ಆದದ್ದು ಒಂದು ಹಾಲಿನ ಪುಡಿ ಡಬ್ಬಿಯಿಂದ. ಸೆಪ್ಟೆಂಬರ್ ಎರಡನೇ ವಾರ. ಮನೆಯಲ್ಲಿ ಉಳಿದಿದ್ದು ಒಂದೇ ಡಬ್ಬಿ. ಅಂಗಡಿಗಳಲ್ಲಿ ಇಲ್ಲ. ಇದು ಮುಗಿಯುವುದರೊಳಗೆ ಊರು ಸೇರಬೇಕು ಎಂದು ಸಿಸ್ಟರೇ ಹೇಳಿದರು. ಭಾರತೀಯರ ಸಮಿತಿಯೊಂದು ಬಸ್ ಗೊತ್ತುಮಾಡಿತ್ತು. ನಲವತ್ತೆರಡು ಜನ. ಕುವೈತ್ ಸರ್ಕಾರದ ಮುದ್ರೆ ಇರುವ ಕಾಗದ ಕಂಡರೆ ತಪಾಸಣೆಯಲ್ಲಿ ಹರಿದು ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಸಿಸ್ಟರ್ ತಮ್ಮ ನೇಮಕಾತಿ ಪತ್ರ, ಬ್ಯಾಂಕ್ ಪುಸ್ತಕ, ಉಸ್ತಾದ್ ಬರೆದುಕೊಟ್ಟ ಪತ್ರ ಮೂರನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿದರು. ಡಬ್ಬಿಯ ಹಾಲಿನ ಪುಡಿ ಸುರಿದು, ತಳಕ್ಕೆ ಇವನ್ನು ಇಟ್ಟು, ಮೇಲೆ ಮತ್ತೆ ಪುಡಿ ತುಂಬಿದರು. ಚಿನ್ನವನ್ನು ಮೈಮೇಲೆ ಹಾಕಿಕೊಂಡರು. ಚಿನ್ನದಲ್ಲಿ ಅರ್ಧ ದಾರಿಯಲ್ಲಿ ಹೋಯಿತು. ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಬಸ್ರಾ, ಬಾಗ್ದಾದ್, ಅಲ್ಲಿಂದ ಪಶ್ಚಿಮಕ್ಕೆ ಮರುಭೂಮಿ, ಟ್ರೆಬಿಲ್ ಗಡಿ. ಆಚೆ ಜೋರ್ಡಾನ್. ಎರಡೂ ದೇಶಗಳ ನಡುವಿನ ಬಯಲಿನಲ್ಲಿ ಡೇರೆಗಳ ಸಾಗರ. ಈಜಿಪ್ಟ್, ಬಾಂಗ್ಲಾದೇಶ, ಶ್ರೀಲಂಕಾ, ಫಿಲಿಪ್ಪೀನ್ಸ್, ಭಾರತ, ಎಲ್ಲ ಕಡೆಯ ದುಡಿಯುವ ಜನ. ನೀರಿನ ಟ್ಯಾಂಕರ್ ಬಂದರೆ ನೂಕುನುಗ್ಗಲು. ಎರಡನೇ ರಾತ್ರಿ ಮಗನಿಗೆ ಭೇದಿ ಹಿಡಿಯಿತು. ಸಿಸ್ಟರ್ ಬಳಿ ಸಕ್ಕರೆ, ಉಪ್ಪು ಇತ್ತು. ಅಳತೆ ಹಾಕಿ ನೀರಿಗೆ ಬೆರೆಸಿ ಚಮಚದಲ್ಲಿ ಇಡೀ ರಾತ್ರಿ ಕುಡಿಸಿದರು. ಬೆಳಗಾಗುವಾಗ ಡೇರೆಯ ಹೊರಗೆ ಇನ್ನೂ ಆರು ತಾಯಂದಿರು ಕೂಸು ಎತ್ತಿಕೊಂಡು ನಿಂತಿದ್ದರು. ಅದರಲ್ಲಿ ಒಂದು ಕೂಸು ಉಳಿಯಲಿಲ್ಲ. ಅದರ ತಾಯಿ ಯಾವ ದೇಶದವಳು ಎಂದು ಕೂಡ ಸಿಸ್ಟರ್‌ಗೆ ಗೊತ್ತಾಗಲಿಲ್ಲ. ಭಾಷೆ ತಿಳಿಯಲಿಲ್ಲ.

ನಾಲ್ಕು ರಾತ್ರಿ ಅಲ್ಲಿ, ಮೂರು ದಿನ ಅಮ್ಮಾನಿನಲ್ಲಿ. ಆಮೇಲೆ ಏರ್ ಇಂಡಿಯಾ ವಿಮಾನ, ಮುಂಬೈ. ಆಗಸ್ಟ್ ಮಧ್ಯದಿಂದ ಸುಮಾರು ಎರಡು ತಿಂಗಳಲ್ಲಿ ವಿಮಾನಗಳು ಹತ್ತಿರ ಹತ್ತಿರ 500 ಸಲ ಹಾರಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದವು.

ಆಮೇಲೆ

ಸದ್ದಾಂಗೆ ಹಿಂದೆ ಸರಿಯಲು ಐದೂವರೆ ತಿಂಗಳು ಇತ್ತು. ವಿಶ್ವಸಂಸ್ಥೆ 1991ರ ಜನವರಿ 15ರ ಗಡುವು ಕೊಟ್ಟಿತ್ತು. ಜಿನೀವಾದಲ್ಲಿ ಮಾತುಕತೆ ನಡೆಯಿತು. ಅವನು ಸರಿಯಲಿಲ್ಲ. ಹೆದರಿಕೆಯ ಮೇಲೆ ನಿಂತ ಆಳ್ವಿಕೆಗೆ ಹಿಂದೆ ಸರಿಯುವುದೇ ಸಾವು ಎಂದು ತೋರಿರಬೇಕು. ಜನವರಿ 17ರಂದು ಬಾಂಬ್ ದಾಳಿ ಶುರುವಾಯಿತು. ಫೆಬ್ರವರಿ ಕೊನೆಗೆ ಕುವೈತ್ ಬಿಡುಗಡೆಯಾಯಿತು. ಹೋಗುವಾಗ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟರು. ಕೊನೆಯ ಬಾವಿ ಮುಚ್ಚಿದ್ದು ನವೆಂಬರಿನಲ್ಲಿ. ಕುವೈತ್‌ನಿಂದ ಕಾಣೆಯಾದ 600ರಷ್ಟು ಜನರಲ್ಲಿ ಹಲವರ ಮೂಳೆಗಳು 2003ರ ನಂತರ ಇರಾಕಿನ ಸಾಮೂಹಿಕ ಗೋರಿಗಳಲ್ಲಿ ಸಿಕ್ಕವು. ಪಕ್ಕದ ಮನೆಯ ಹುಡುಗ ಏನಾದ ಎಂದು ಸಿಸ್ಟರ್‌ಗೆ ತಿಳಿದಿಲ್ಲ. ಇರಾಕಿನೊಳಗೆ ದಂಗೆ ಎದ್ದ ಜನರನ್ನು ಅದೇ ವಸಂತದಲ್ಲಿ ಸಾವಿರಗಟ್ಟಲೆ ಕೊಂದರು. ಆಮೇಲೆ ಹನ್ನೆರಡು ವರ್ಷ ನಿರ್ಬಂಧ, ರೇಷನ್ ಕಾರ್ಡು.

ಬ್ಯಾಂಕಿನಲ್ಲಿ ಬಿಟ್ಟಿದ್ದ ಅರ್ಧ ಹಣ ಬಿಡುಗಡೆಯ ನಂತರ ಪೂರ್ತಿ ಸಿಕ್ಕಿತು. ಎಚ್ಚರಿಕೆಯಿಂದ ತೆಗೆದುಕೊಂಡಿದ್ದ ಅರ್ಧವೇ ನೀರಲ್ಲಿ ಹೋಮವಾಯಿತು. ಇದನ್ನು ಮುಂಚೆ ಯಾರೂ ಹೇಳಲು ಸಾಧ್ಯವಿರಲಿಲ್ಲ. ಅದಕ್ಕೇ ನಾನು ಇದನ್ನು ತಪ್ಪು ತೀರ್ಮಾನ ಎನ್ನುವುದಿಲ್ಲ. ಎರಡು ಕಡೆ ಹಂಚಿಟ್ಟದ್ದರಿಂದ ಒಂದು ಕಡೆ ಉಳಿಯಿತು.

ವಿಶ್ವಸಂಸ್ಥೆ ಪರಿಹಾರ ಆಯೋಗ ಮಾಡಿತು. ದೇಶ ಬಿಟ್ಟ ಸಂಸಾರ ಬೇರೆ ಯಾವ ಕ್ಲೇಮೂ ಮಾಡುವುದಿಲ್ಲ ಎಂದರೆ 8,000 ಡಾಲರ್. ಸಂಬಳ, ಸಾಮಾನು ನಷ್ಟಕ್ಕೆ ಬೇರೆ ಅರ್ಜಿ ಹಾಕುವುದಾದರೆ 5,000, ಮತ್ತು ನಷ್ಟ ತೋರಿಸುವ ಕಾಗದ ಬೇಕು. ಪರಿಚಯದವರು ಬಹಳ ಜನ 8,000 ಸಾಕು ಎಂದರು, ಅವರ ಬಳಿ ಕಾಗದ ಇರಲಿಲ್ಲ. ಇವರ ಬಳಿ ಡಬ್ಬಿ ಇತ್ತು. ಎರಡನೇ ದಾರಿ ಹಿಡಿದರು. ವರ್ಷಗಳೇ ಕಾದರು, ಆದರೆ ಬಾಕಿ ಸಂಬಳವೂ ಬಂತು. ಆ ಹದಿನಾಲ್ಕು ಪತ್ರಗಳಲ್ಲಿ ಕನಿಷ್ಠ ಐದು ಹೀಗೆ ಕೆಲಸಕ್ಕೆ ಬಂದದ್ದು ಇವರಿಗೆ ಗೊತ್ತು.

ಉಸ್ತಾದ್‌ಗೆ ಯಾವ ಪತ್ರವೂ ಉಪಯೋಗಕ್ಕೆ ಬರಲಿಲ್ಲ. ಪ್ಯಾಲೆಸ್ಟೀನಿನ ಮುಖಂಡರು ಸದ್ದಾಂ ಪರ ನಿಂತಿದ್ದರು ಎಂಬ ಸಿಟ್ಟಿಗೆ, ಕುವೈತ್‌ನಲ್ಲಿದ್ದ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರಲ್ಲಿ ಹೆಚ್ಚಿನವರು ಮರಳಿ ಬರಲಾಗದೆ ಅಥವಾ ಇರಲಾಗದೆ ಹೋದರು. ಉಸ್ತಾದ್ ಕೂಡ ಅಮ್ಮಾನಿಗೆ ಹೋದರು ಎಂದು ಕೇಳಿದರು. ಅಷ್ಟೇ. ಎರಡನೇ ಬಾರಿ ಮನೆ ಕಳೆದುಕೊಂಡರು. ಯಾವುದೋ ಮುಖಂಡ ಯಾರನ್ನೋ ಬೆಂಬಲಿಸಿದ್ದಕ್ಕೆ ಬೀರುವಿನ ಕೀಲಿ ತೆಗೆದ ಮನುಷ್ಯ ದಂಡ ಕಟ್ಟಿದರು. ಈ ಅನ್ಯಾಯವನ್ನು ಮರೆತು ಈ ಪ್ರಕರಣ ಬರೆಯಲು ನನಗೆ ಮನಸ್ಸು ಬರಲಿಲ್ಲ.

ಪರಿಹಾರದ ಒಟ್ಟು ಮೊತ್ತ 5,240 ಕೋಟಿ ಡಾಲರ್. ಅದು ಇರಾಕಿನ ಎಣ್ಣೆ ಮಾರಿದ ಹಣದಿಂದ ಬಂದದ್ದು. ಸದ್ದಾಂನನ್ನು ಗಲ್ಲಿಗೇರಿಸಿದ್ದು 2006ರಲ್ಲಿ. ಇರಾಕಿನ ಜನ ಕೊನೆಯ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ. ಆ ಸುದ್ದಿಯನ್ನು ಸಿಸ್ಟರ್‌ಗೆ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಾಗಾದರೆ ಆ ಕುಂಟುತ್ತಿದ್ದ ಸೈನಿಕ ಹುಡುಗನಿಗೆ ಈಗ ಅರವತ್ತು. ಇದ್ದರೆ" ಎಂದರು. ನಮಗೆ ಬಂದದ್ದರಲ್ಲಿ ಅವನ ಮನೆಯ ದುಡ್ಡೂ ಇತ್ತು ಅಲ್ವಾ ಎಂದು ಕೇಳಿದರು. ನಾನು ಹೌದೆಂದೆ. ಹಿಮ್ಮಡಿ ವಾಸಿಯಾಯಿತೋ ಇಲ್ಲವೋ ಎಂದು ನೋಡುವ ಮೊದಲೇ ಅವನನ್ನು ಬೇರೆ ಕಡೆಗೆ ಹಾಕಿದ್ದರಂತೆ.